ಹಿಮದ ನಾಡಿನ ಸಿನಿಮಾ: ಮೊದಲು ಕೈಗಳನ್ನು ನೋಡಿ

ಪ್ರಶ್ನೆ: ಹೈಸ್ಕೂಲಿನಲ್ಲಿದ್ದಾಗ ತೇಜಸ್ವಿಯವರ ‘ಮಹಾಪಲಾಯನ’ ಓದಿ ಸೈಬೀರಿಯಾದ ಹುಚ್ಚು ಹತ್ತಿಸಿಕೊಂಡವನು ನಾನು. ಇತ್ತೀಚೆಗೆ ಅದೇ ಕಥೆಯ ‘ದಿ ವೇ ಬ್ಯಾಕ್’ ಸಿನಿಮಾ ನೋಡಿದೆ. ಚೆನ್ನಾಗಿಯೇ ಇತ್ತು, ಆದರೆ ಪುಸ್ತಕ ಓದುವಾಗ ಮೈಗೆ ಹತ್ತಿದ ಚಳಿ ಹತ್ತಲಿಲ್ಲ. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾದ ಕಾಡುಮೇಡುಗಳಲ್ಲಿ ನಡೆಯುವ ಸಿನಿಮಾಗಳಲ್ಲಿ ನೋಡಲೇಬೇಕಾದವು ಯಾವುವು? ಅವು ತೋರಿಸುವುದನ್ನು ಎಷ್ಟು ನಂಬಬಹುದು? ಒಂಬತ್ತನೇ ತರಗತಿಯ ಮಗಳೂ ಜೊತೆಗೆ ಕೂರುತ್ತಾಳೆ. ಯಾವುದರಿಂದ ಶುರು ಮಾಡಲಿ?
(ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನನ್ನ ತಲೆಗೆ ಸೈಬೀರಿಯಾ ಹೊಕ್ಕಿದ್ದೂ ಅದೇ ಬಾಗಿಲಿನಿಂದ. ಜಡಿಮಳೆಯ ರಾತ್ರಿ, ಕರೆಂಟಿಲ್ಲದ ಮನೆ, ಮೈಮೇಲೆ ಕಂಬಳಿ, ಸೀಮೆಎಣ್ಣೆ ದೀಪದ ಪಕ್ಕ ‘ಮಹಾಪಲಾಯನ’. ಆದ್ದರಿಂದ ಎಷ್ಟು ನಂಬಬಹುದು ಎಂಬ ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದೂ ಆ ಪುಸ್ತಕದಿಂದಲೇ.

ತೇಜಸ್ವಿಯವರು ಕನ್ನಡಕ್ಕೆ ತಂದಿದ್ದು ಪೋಲೆಂಡಿನ ಸೇನಾಧಿಕಾರಿ ಸ್ಲಾವೊಮಿರ್ ರಾವಿಚ್ ಅವರ ಹೆಸರಿನಲ್ಲಿ 1956ರಲ್ಲಿ ಬಂದ ‘ದಿ ಲಾಂಗ್ ವಾಕ್’. 1941ರಲ್ಲಿ ಸೈಬೀರಿಯಾದ ಕೈದಿ ಶಿಬಿರದಿಂದ ಏಳು ಜನ ತಪ್ಪಿಸಿಕೊಂಡು, ಗೋಬಿ ಮರುಭೂಮಿ ಹಾದು, ಟಿಬೆಟ್ ಹತ್ತಿ, ಹಿಮಾಲಯ ಇಳಿದು ಇಂಡಿಯಾ ಮುಟ್ಟಿದ ಕಥೆ. 2006ರಲ್ಲಿ ಬಿಬಿಸಿಯವರು ಹಳೆಯ ಸೋವಿಯತ್ ದಾಖಲೆಗಳನ್ನು ತೆಗೆಸಿ ನೋಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ರಾವಿಚ್ ತಪ್ಪಿಸಿಕೊಂಡಿರಲಿಲ್ಲ. ಪೋಲಿಷ್ ಕೈದಿಗಳಿಗೆ ಸಿಕ್ಕ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋಗಿದ್ದರು. ಅವರದೇ ಕೈಬರಹದ ಹೇಳಿಕೆಯೂ ಆ ಕಡತದಲ್ಲಿತ್ತು.

ಇದನ್ನು ಮೊದಲು ತಿಳಿದಾಗ ನನಗೆ ಬಾಲ್ಯದ ಗೆಳೆಯನೊಬ್ಬ ಸುಳ್ಳು ಹೇಳಿದ್ದ ಅನ್ನಿಸುವಷ್ಟು ನೋವಾಗಿತ್ತು. ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಸೈಬೀರಿಯಾ, ಕಜಕಸ್ತಾನಗಳಿಗೆ ಗಡೀಪಾರಾಗಿದ್ದ ಪೋಲಿಷ್ ಕುಟುಂಬಗಳು ಇರಾನಿನ ಸುತ್ತುಬಳಸು ದಾರಿಯಲ್ಲಿ ನಿಜವಾಗಿಯೂ ಇಂಡಿಯಾಕ್ಕೆ ಬಂದಿದ್ದವು. ಅವರಲ್ಲಿ ಸುಮಾರು 5,000 ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, 1943ರಿಂದ ಐದು ವರ್ಷ ಬದುಕಿದ್ದು ಕೊಲ್ಹಾಪುರದ ಮಗ್ಗುಲಿನ ವಳಿವಡೆ ಶಿಬಿರದಲ್ಲಿ. ನಮ್ಮ ಬೆಳಗಾವಿಯಿಂದ ಅದು ಎಷ್ಟು ದೂರ, ನೀವೇ ಹೇಳಿ. ಒಬ್ಬ ಮನುಷ್ಯನ ಕಥೆ ದಾಖಲೆಯ ಮುಂದೆ ನಿಲ್ಲಲಿಲ್ಲ ಎಂದಮಾತ್ರಕ್ಕೆ ಆ ಚಳಿಯನ್ನು ಉಂಡು ಬಂದ ಸಾವಿರಾರು ಜನರ ಬದುಕು ಸುಳ್ಳಾಗುವುದಿಲ್ಲ.

ಇನ್ನು ಸಿನಿಮಾ. ಪೀಟರ್ ವಿಯರ್ ನಿರ್ದೇಶನದ ‘ದಿ ವೇ ಬ್ಯಾಕ್’ 2010ರದ್ದು. ಅದರ ಸೈಬೀರಿಯಾದ ಕಾಡು ಬಲ್ಗೇರಿಯಾದ್ದು. ಆದರೆ ನಿಮಗೆ ಚಳಿ ಹತ್ತದಿರುವುದಕ್ಕೆ ಅದು ಕಾರಣ ಇರಲಾರದು. ಹಿಮ ಯಾವ ದೇಶದ್ದಾದರೂ ಹಿಮವೇ. ಆ ಸಿನಿಮಾದಲ್ಲಿ ಹಿಮಗಾಳಿಗೆ ಸಿಕ್ಕ ಗುಂಪು ಮರದ ತೊಗಟೆ ಸುಲಿದು ಮುಖವಾಡ ಮಾಡಿಕೊಳ್ಳುವ ಒಂದು ದೃಶ್ಯವಿದೆ, ನೆನಪಿದೆಯಾ? ಆ ಹೊತ್ತಿನಲ್ಲಿ ನನಗೆ ಚಳಿ ಆಯಿತು. ಮುಂದೆ ಅವರು ನಡೆಯುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಮತ್ತೆ ನಡೆಯುತ್ತಾರೆ. ಚಳಿ ಕಣ್ಣಿಗೆ ಕಾಣುತ್ತದೆ, ಮೈಗೆ ತಾಗುವುದಿಲ್ಲ. ಪರದೆ ಪೂರಾ ಬೆಳ್ಳಗೆ ಮಾಡಿ ಗಾಳಿಯ ಸದ್ದು ಹಾಕಿದರೆ ಚಳಿ ಬರುವುದಿಲ್ಲ. ಆ ಚಳಿಯಲ್ಲಿ ಮನುಷ್ಯರ ಕೈಗಳು ಏನು ಮಾಡಬೇಕಾಗುತ್ತದೆ ಎಂದು ತೋರಿಸಿದರೆ ಬರುತ್ತದೆ.

ಇದನ್ನು ನಾನು ಕಲಿತದ್ದು ಲಡಾಖಿನಲ್ಲಿ. ಒಂದು ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದು ಜನವರಿಯಲ್ಲಿ ಹೋಗಿದ್ದೆ. ಮೊದಲ ದಿನ, ಪೂರ್ತಿ ಚಾರ್ಜ್ ಆಗಿದ್ದ ಬ್ಯಾಟರಿ ಕಾಲುಗಂಟೆಗೆ ಕೈಕೊಟ್ಟಿತು. ಜೊತೆಗಿದ್ದ ಡ್ರೈವರ್, ಲೇಹ್ ಕಡೆಯವರು, ಏನೂ ಮಾತಾಡದೆ ಅದನ್ನು ಕಿತ್ತು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡರು. ಅರ್ಧಗಂಟೆ ಬಿಟ್ಟು ತೆಗೆದುಕೊಟ್ಟಾಗ ಅದಕ್ಕೆ ಜೀವ ಬಂದಿತ್ತು. ಸಂಜೆ ಬೆಚ್ಚಗಿನ ಕೋಣೆಗೆ ಕ್ಯಾಮೆರಾ ಒಯ್ಯುವ ಮುಂಚೆ ಹೊರಗೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು, ಇಲ್ಲದಿದ್ದರೆ ಲೆನ್ಸಿನ ಒಳಗೂ ಹೊರಗೂ ನೀರು ಕೂರುತ್ತದೆ ಎಂದೂ ಅವರೇ ಹೇಳಿಕೊಟ್ಟರು. ಅಲ್ಲಿಂದ ಬಂದ ಮೇಲೆ ಹಿಮದ ಸಿನಿಮಾ ನೋಡುವಾಗ ನಾನು ಹೀರೋನ ಮುಖಕ್ಕಿಂತ ಮೊದಲು ಅವನ ಕೈಗಳನ್ನು ನೋಡುತ್ತೇನೆ. ಆ ಕೈಗಳಿಗೆ ಅಲ್ಲಿನ ಕೆಲಸ ಗೊತ್ತೋ ಇಲ್ಲವೋ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಈ ದೃಷ್ಟಿಯಿಂದ ನೋಡಿದರೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ‘ದೆರ್ಸು ಉಜಾಲಾ’. ಜಪಾನಿನ ಅಕಿರಾ ಕುರೊಸಾವ ಸೋವಿಯತ್ ದೇಶಕ್ಕೆ ಹೋಗಿ, ರಷ್ಯನ್ ಭಾಷೆಯಲ್ಲಿ, 70 ಎಂಎಂ ಫಿಲ್ಮಿನಲ್ಲಿ ಮಾಡಿದ ಸಿನಿಮಾ. 1975ರಲ್ಲಿ ಬಂತು. ಮರುವರ್ಷ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಪಡೆಯಿತು. ಅದಕ್ಕೆ ನಾಲ್ಕು ವರ್ಷ ಹಿಂದೆ, 1971ರ ಡಿಸೆಂಬರಿನಲ್ಲಿ, ಕುರೊಸಾವ ಬದುಕೇ ಬೇಡವೆಂದು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರು. ಆ ಮನುಷ್ಯ ಮತ್ತೆ ಎದ್ದು ನಿಂತು ಆರಿಸಿಕೊಂಡ ಕಥೆ ಇದು ಎಂಬುದು ನನಗೆ ಪ್ರತಿ ಸಲ ನೋಡುವಾಗಲೂ ನೆನಪಾಗುತ್ತದೆ.

ಕಥೆ ನಡೆದದ್ದು. ವ್ಲಾದಿಮಿರ್ ಆರ್ಸೆನ್ಯೆವ್ ಎಂಬ ರಷ್ಯನ್ ಸೇನಾಧಿಕಾರಿ 1900ರ ದಶಕದಲ್ಲಿ ರಷ್ಯಾದ ಪೂರ್ವ ತುದಿಯ ಉಸ್ಸೂರಿ ಪ್ರದೇಶದ ನಕ್ಷೆ ಮಾಡಲು ಕಾಡು ಸುತ್ತಿದರು. ಅಲ್ಲಿ ಅವರಿಗೆ ದಾರಿ ತೋರಿಸಿದವನು ನಾನೈ ಬುಡಕಟ್ಟಿನ ಮುದಿ ಬೇಟೆಗಾರ ದೆರ್ಸು. ಸಿಡುಬಿಗೆ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಂಟಿ ಜೀವ. ಅವನ ಮಾತಿನಲ್ಲಿ ಬೆಂಕಿಯೂ ‘ಜನ’, ನೀರೂ ‘ಜನ’, ಹುಲಿಯೂ ‘ಜನ’. ಬೆಂಕಿಯಲ್ಲಿ ಕಟ್ಟಿಗೆ ಸಿಡಿದರೆ ಅದನ್ನು ಗದರುತ್ತಾನೆ. ಸೈನಿಕರು ನಗುತ್ತಾರೆ. ಸಿನಿಮಾ ನಗುವುದಿಲ್ಲ. ಪಾತ್ರ ಮಾಡಿದ ಮಕ್ಸಿಮ್ ಮುಂಜುಕ್ ದಕ್ಷಿಣ ಸೈಬೀರಿಯಾದ ತುವಾ ಸೀಮೆಯ ರಂಗಭೂಮಿ ಕಟ್ಟಿದವರಲ್ಲೊಬ್ಬರು. ಅವರು ಕೋವಿ ಹಿಡಿಯುವ ರೀತಿ, ಹೆಗಲಿನ ಹೊರೆ ಇಳಿಸುವ ರೀತಿ ನೋಡಿದರೆ ನಟನೆ ಎಂಬ ಮಾತೇ ಮರೆತುಹೋಗುತ್ತದೆ.

ಈ ಸಿನಿಮಾದ ಎರಡು ದೃಶ್ಯಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು: ಕಾಡಿನ ನಡುವೆ ಹಾಳುಬಿದ್ದ ಒಂದು ಗುಡಿಸಲು ಸಿಗುತ್ತದೆ. ತಂಡ ರಾತ್ರಿ ತಂಗುತ್ತದೆ. ಹೊರಡುವ ಹೊತ್ತಿಗೆ ದೆರ್ಸು ಮಾಡಿಗೆ ತೊಗಟೆ ಹೊದಿಸುತ್ತಾನೆ. ಆಮೇಲೆ ಸ್ವಲ್ಪ ಅಕ್ಕಿ, ಉಪ್ಪು, ಬೆಂಕಿಕಡ್ಡಿ ಕೇಳುತ್ತಾನೆ. ಬರ್ಚ್ ಮರದ ತೊಗಟೆಯಲ್ಲಿ ಅದನ್ನು ಸುತ್ತಿ ಒಳಗಿಡುತ್ತಾನೆ. ಈ ದಾರಿಗೆ ವಾಪಸ್ ಬರುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. ಮುಂದೆ ಯಾರಾದರೂ ಬಂದಾರು, ಗುಡಿಸಲು ಕಂಡಾರು, ಒಣ ಕಟ್ಟಿಗೆ ಕಂಡಾರು, ಸಾಯದೆ ಉಳಿದಾರು. ಅಷ್ಟೇ ಅವನ ವಿವರಣೆ.

ಇನ್ನೊಂದು: ಹಂಕಾ ಸರೋವರ. ಆರ್ಸೆನ್ಯೆವ್ ಮತ್ತು ದೆರ್ಸು ಇಬ್ಬರೇ ಹೆಪ್ಪುಗಟ್ಟಿದ ಸರೋವರದ ಮೇಲೆ ದೂರ ಹೋಗಿದ್ದಾರೆ. ಗಾಳಿ ಎದ್ದಿದೆ. ಬಂದ ಹೆಜ್ಜೆಗುರುತು ಅಳಿಸಿಹೋಗಿದೆ. ಸೂರ್ಯ ಇಳಿಯುತ್ತಿದ್ದಾನೆ. ದೆರ್ಸು ಹೇಳುವುದು ಒಂದೇ: ಜೊಂಡು ಕೊಯ್ಯಿ, ಬೇಗ ಕೊಯ್ಯಿ. ಇಬ್ಬರೂ ಕೊಯ್ಯತೊಡಗುತ್ತಾರೆ. ಕುರೊಸಾವ ಇಲ್ಲಿ ಅವಸರ ಪಡುವುದಿಲ್ಲ. ನಿಮಿಷಗಟ್ಟಲೆ ಜೊಂಡು ಕೊಯ್ಯುವುದನ್ನೇ ತೋರಿಸುತ್ತಾರೆ. ಗಾಳಿಯ ಸದ್ದು, ಏದುಸಿರು, ಕತ್ತಲಾಗುತ್ತಿರುವ ಆಕಾಶ. ಆರ್ಸೆನ್ಯೆವ್ ಕುಸಿಯುತ್ತಾನೆ, ಎದ್ದು ಮತ್ತೆ ಕೊಯ್ಯುತ್ತಾನೆ, ಕೊನೆಗೆ ಎಚ್ಚರ ತಪ್ಪುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ಅವನು ಜೊಂಡಿನ ರಾಶಿಯೊಳಗೆ ಬೆಚ್ಚಗಿದ್ದಾನೆ. ದೆರ್ಸು ಸರ್ವೇ ಯಂತ್ರದ ಮೂರು ಕಾಲಿನ ಸ್ಟ್ಯಾಂಡನ್ನೇ ಕಂಬ ಮಾಡಿ, ಅದರ ಮೇಲೆ ಜೊಂಡು ಹೊದಿಸಿ, ಹಗ್ಗ ಬಿಗಿದು ಗೂಡು ಕಟ್ಟಿದ್ದಾನೆ. ನೆಲ ಅಳೆಯಲು ತಂದ ಸಾಮಾನು ಮನುಷ್ಯನ ಪ್ರಾಣ ಉಳಿಸುವ ಕಂಬವಾಯಿತು. ಆ ಜೊಂಡು ಕೊಯ್ಯುವ ದೃಶ್ಯ ಮುಗಿಯುವ ಹೊತ್ತಿಗೆ ನೀವು ಕೇಳಿದ ಚಳಿ ನಿಮ್ಮ ಮೊಣಕೈವರೆಗೆ ಏರಿರುತ್ತದೆ.

ಭೂಗೋಳದ ಒಂದು ಸಂಗತಿಯನ್ನೂ ಮಗಳಿಗೆ ಹೇಳಿ. ಹಂಕಾ ಸರೋವರ ಇರುವುದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೆಚ್ಚುಕಡಿಮೆ ಇಟಲಿಯ ವೆನಿಸ್ ನಗರದ ಸಾಲಿನಲ್ಲಿ. ಆದರೂ ಅಲ್ಲಿ ಆ ಚಳಿ ಯಾಕೆ? ಚಳಿಗಾಲದಲ್ಲಿ ಸೈಬೀರಿಯಾದ ನೆಲ ವಿಪರೀತ ತಣ್ಣಗಾಗಿ, ಅದರ ಮೇಲಿನ ಭಾರವಾದ ಒಣ ಗಾಳಿ ಸಮುದ್ರದ ಕಡೆಗೆ ಹರಿಯುತ್ತದೆ. ಬೇಸಿಗೆಯಲ್ಲಿ ಅದೇ ಗಾಳಿ ತಿರುಗಿ ಸಮುದ್ರದಿಂದ ಮಳೆ ಹೊತ್ತು ಬರುತ್ತದೆ. ಹಾಗಾಗಿಯೇ ಅಲ್ಲಿ ಹುಲಿಯೂ ಇದೆ, ಕಾಡುಬಳ್ಳಿಯೂ ಇದೆ, ಮೈ ಕೊರೆಯುವ ಹಿಮವೂ ಇದೆ. ಹಿಮದ ನಾಡಿನಲ್ಲಿ ಹುಲಿ ಎಲ್ಲಿಂದ ಬಂತು ಎಂದು ಅವಳು ಕೇಳಿಯೇ ಕೇಳುತ್ತಾಳೆ.

ದೆರ್ಸುವಿನ ಕೊನೆ ಸುಖದ್ದಲ್ಲ. ಕಣ್ಣು ಮಂಜಾದಾಗ ಆರ್ಸೆನ್ಯೆವ್ ಅವನನ್ನು ಪಟ್ಟಣದ ಮನೆಗೆ ಕರೆತರುತ್ತಾನೆ. ನೀರಿಗೆ ದುಡ್ಡು ಕೊಡುವುದು ಏನೆಂದು ದೆರ್ಸುವಿಗೆ ಅರ್ಥವಾಗುವುದಿಲ್ಲ. ಉದ್ಯಾನದಲ್ಲಿ ಮರ ಕಡಿದು ಪೊಲೀಸರ ಕೈಗೆ ಸಿಗುತ್ತಾನೆ. ವಾಪಸ್ ಕಾಡಿಗೆ ಹೊರಟವನಿಗೆ ಆರ್ಸೆನ್ಯೆವ್ ಪ್ರೀತಿಯಿಂದ ಹೊಸ ಕೋವಿ ಕೊಡುತ್ತಾನೆ. ಆ ಕೋವಿಯ ಆಸೆಗೇ ಯಾರೋ ಅವನನ್ನು ಕೊಲ್ಲುತ್ತಾರೆ. ಮಗಳು ಅಳಬಹುದು. ಅಳಲಿ ಬಿಡಿ.

ಈಗ ಹಿಂದಕ್ಕೆ ಹೋಗೋಣ, ಈ ಬಗೆಯ ಸಿನಿಮಾಗಳ ಬೇರಿಗೆ. 1922ರಲ್ಲಿ ತೆರೆಕಂಡ ‘ನನೂಕ್ ಆಫ್ ದಿ ನಾರ್ತ್’. ಮೂಕಿ ಚಿತ್ರ. ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಡ್ಸನ್ ಕೊಲ್ಲಿಯ ಕಡೆ ಅದಿರು ಹುಡುಕಲು, ನಕ್ಷೆ ಮಾಡಲು ಹೋಗುತ್ತಿದ್ದವರು. ಮೊದಲ ಪ್ರಯತ್ನದಲ್ಲಿ ತೆಗೆದ ಸುಮಾರು 30,000 ಅಡಿ ನೆಗೆಟಿವ್ 1916ರಲ್ಲಿ ಸಿಗರೇಟಿನ ಕಿಡಿಗೆ ಸುಟ್ಟುಹೋಯಿತು. ಫ್ರೆಂಚ್ ತುಪ್ಪಳದ ವ್ಯಾಪಾರ ಕಂಪನಿ ರೆವಿಯೋ ಫ್ರೇರ್ ಕೊಟ್ಟ ಹಣದಲ್ಲಿ 1920ರಲ್ಲಿ ಮತ್ತೆ ಹೋದರು, ಈಗ ಇನುಕ್ಜುಆಕ್ ಎಂದು ಕರೆಯುವ ಊರಿಗೆ. ಒಂದು ವರ್ಷ ಅಲ್ಲಿದ್ದರು. ಎಣ್ಣೆ, ಗ್ರೀಸು ಹೆಪ್ಪುಗಟ್ಟುವ ಚಳಿಯಾದ್ದರಿಂದ ಗ್ರಾಫೈಟ್ ಪುಡಿಯಲ್ಲೇ ಓಡುವ ಏಕ್ಲಿ ಕ್ಯಾಮೆರಾ ಒಯ್ದಿದ್ದರು. ಫಿಲ್ಮನ್ನು ಅಲ್ಲೇ ತೊಳೆಯುತ್ತಿದ್ದರು. ಅದಕ್ಕೆ ಬೇಕಾದ ನೀರನ್ನು ನದಿಯ ಹಿಮಗಡ್ಡೆಯಲ್ಲಿ ತೂತು ಕೊರೆದು, ಪೀಪಾಯಿಗೆ ತುಂಬಿ, ಜಾರುಬಂಡಿಯಲ್ಲಿ ಎಳೆದು ತಂದುಕೊಡುತ್ತಿದ್ದವರು ಊರಿನ ಇನುಯಿಟ್ ಜನ, ಆ ಹಿಮಸೀಮೆಯ ಮೂಲನಿವಾಸಿಗಳು. ನೀರು ತರುವವರ ತುಪ್ಪಳದ ಅಂಗಿಯಿಂದ ಉದುರಿದ ಕೂದಲು ಫಿಲ್ಮಿಗೆ ಅಂಟದಂತೆ ನೀರು ಸೋಸಬೇಕಿತ್ತು. ಈ ಸಿನಿಮಾ ಅವರದೂ ಹೌದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದರಲ್ಲಿ ನಂಬಬಹುದಾದದ್ದು ಎಷ್ಟು? ನಾಯಕನ ನಿಜ ಹೆಸರು ನನೂಕ್ ಅಲ್ಲ, ಅಲ್ಲಾಕರಿಯಾಲ್ಲಾಕ್. ಸಿನಿಮಾದ ಹೆಂಡತಿ ಅವನ ಹೆಂಡತಿಯಲ್ಲ. ಆ ಹೊತ್ತಿಗೆ ಆ ಜನ ಬಂದೂಕು ಬಳಸುತ್ತಿದ್ದರು, ಆದರೆ ಫ್ಲಾಹರ್ಟಿಗೆ ಅಜ್ಜನ ಕಾಲದ ಈಟಿಯೇ ಬೇಕಿತ್ತು. ಗ್ರಾಮಫೋನ್ ತಟ್ಟೆಯನ್ನು ನನೂಕ್ ಕಚ್ಚಿ ನೋಡುವ ದೃಶ್ಯ ಪೂರಾ ಹೇಳಿ ಮಾಡಿಸಿದ್ದು. ಅದನ್ನು ನೋಡಿ ಶಹರದ ಪ್ರೇಕ್ಷಕರು ಪಾಪ, ಮುಗ್ಧರು ಎಂದು ನಕ್ಕರು. ನನಗೆ ಈ ಒಂದು ದೃಶ್ಯದ ಬಗ್ಗೆ ಇವತ್ತಿಗೂ ಸಿಟ್ಟಿದೆ. ಕ್ಯಾಮೆರಾ ಬಿಚ್ಚಿ ತೊಳೆದು ಜೋಡಿಸುವುದನ್ನು ಕಲಿತಿದ್ದ ಜನರನ್ನು ರೆಕಾರ್ಡು ಕಚ್ಚುವವರನ್ನಾಗಿ ತೋರಿಸಿದ್ದು ಅನ್ಯಾಯ.

ಹಾಗಂತ ಬಿಡಬೇಡಿ, ನೋಡಿ. ಹಿಮದ ಮನೆ ಕಟ್ಟುವ ಭಾಗಕ್ಕಾಗಿ ನೋಡಿ. ನನೂಕ್ ಚಾಕುವಿನ ಅಲಗಿಗೆ ಎಂಜಲು ಸವರುತ್ತಾನೆ, ಅದು ಕ್ಷಣದಲ್ಲಿ ಹೆಪ್ಪುಗಟ್ಟಿ ನುಣುಪಾಗುತ್ತದೆ. ಹಿಮವನ್ನು ಇಟ್ಟಿಗೆಯಂತೆ ಕೊಯ್ದು ಸುರುಳಿಯಾಗಿ ಪೇರಿಸುತ್ತಾ ತಾನು ಒಳಗೇ ಉಳಿದು ಗುಮ್ಮಟ ಮುಚ್ಚುತ್ತಾನೆ. ಮುಗಿಯಿತು ಅಂದುಕೊಂಡರೆ, ಪಾರದರ್ಶಕ ಹಿಮಗಡ್ಡೆಯ ತುಂಡೊಂದನ್ನು ತಂದು ಗೋಡೆಯಲ್ಲಿ ಕೂರಿಸಿ ಕಿಟಕಿ ಮಾಡುತ್ತಾನೆ. ಆಮೇಲೆ ಕಿಟಕಿಯ ಪಕ್ಕ ಒಂದು ಹಿಮದ ಹಲಗೆ ನಿಲ್ಲಿಸುತ್ತಾನೆ, ಇಳಿ ಬಿಸಿಲು ಅದಕ್ಕೆ ಬಡಿದು ಮನೆಯೊಳಗೆ ಬೀಳಲಿ ಎಂದು. ಬೆಳಕು ತಿರುಗಿಸಲು ನಾವು ಸಿನಿಮಾದವರು ಥರ್ಮೋಕೋಲ್ ಹಿಡಿದು ನಿಲ್ಲುತ್ತೇವೆ. ಅದೇ ಕೆಲಸ. ಆ ಕೈಚಳಕದಲ್ಲಿ ಸುಳ್ಳಿಲ್ಲ. ಆದರೆ ಮುಂದಿನ ದೃಶ್ಯ, ಮನೆಯೊಳಗೆ ಕುಟುಂಬ ಮಲಗುವುದು, ನಡೆದದ್ದು ಅರ್ಧ ಗುಮ್ಮಟ ತೆಗೆದ ದೊಡ್ಡ ಮನೆಯಲ್ಲಿ, ಬಯಲ ಚಳಿಯಲ್ಲಿ. ನಿಜವಾದ ಮನೆ ಕ್ಯಾಮೆರಾಕ್ಕೆ ತೀರಾ ಚಿಕ್ಕದು, ಕತ್ತಲು. ನಡುಕ ಮಾತ್ರ ನಿಜದ್ದು.

ಚಿತ್ರ ಬಂದು ಒಂದೆರಡು ವರ್ಷದಲ್ಲಿ ಅಲ್ಲಾಕರಿಯಾಲ್ಲಾಕ್ ತೀರಿಕೊಂಡ. ಬೇಟೆಗೆ ಹೋಗಿ ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿ ಬರೆದರು, ಅದೇ ಮಾತು ಜಗತ್ತಿಡೀ ಹಬ್ಬಿತು. ಅವನು ಮನೆಯಲ್ಲೇ, ಬಹುಶಃ ಕ್ಷಯದಿಂದ, ತೀರಿಕೊಂಡ ಎಂಬುದು ಆಮೇಲೆ ತಿಳಿದ ಸಂಗತಿ. ಕ್ಷಯ ಆ ಸೀಮೆಗೆ ಬಂದದ್ದು ಹೊರಗಿನವರ ಜೊತೆ.

ಈ ಚಿತ್ರದ ಎದುರಿಗೆ ಇಟ್ಟು ನೋಡಬೇಕಾದದ್ದು ‘ಅಟನಾರ್ಜುಅತ್’, 2001ರದ್ದು. ನಿರ್ದೇಶಕ ಜಕರಿಯಾಸ್ ಕುನುಕ್, ಉತ್ತರ ಕೆನಡಾದ ಇಗ್ಲೂಲಿಕ್ ಎಂಬ ದ್ವೀಪದ ಊರಿನವರು. ಉತ್ತರಕ್ಕೆ ಸುಮಾರು 69 ಡಿಗ್ರಿ, ಧ್ರುವವೃತ್ತದ ಆಚೆ. ಈ ಊರಿನ ಒಂದು ಸಂಗತಿ ನನಗೆ ಬಹಳ ಇಷ್ಟ: 1975ರಲ್ಲಿ, ಮತ್ತೆ 1979ರಲ್ಲಿ, ಟಿವಿ ಬೇಕೇ ಎಂದು ಕೇಳಿದಾಗ ಊರವರು ಮತ ಹಾಕಿ ಬೇಡ ಎಂದರು. ತಮ್ಮ ಇನುಕ್ಟಿಟುಟ್ ಭಾಷೆ ಇಲ್ಲದ ಟಿವಿ ಮನೆಗೆ ಬಂದರೆ ಮಕ್ಕಳ ಬಾಯಿಂದ ಭಾಷೆ ಹೋಗುತ್ತದೆ ಎಂಬ ಭಯ. ಅದೇ ಊರಿನ ಕುನುಕ್ ಬಳಪದ ಕಲ್ಲಿನಲ್ಲಿ ಬೊಂಬೆ ಕೆತ್ತುತ್ತಿದ್ದರು. ನಮ್ಮ ಬೇಲೂರು, ಹಳೇಬೀಡಿನ ಗುಡಿಗಳದ್ದೂ ಅದೇ ಜಾತಿಯ ಕಲ್ಲು. 1981ರಲ್ಲಿ ಮಾಂಟ್ರಿಯಲ್‌ಗೆ ಹೋಗಿ ಕೆತ್ತನೆಗಳನ್ನು ಮಾರಿ, ಬಂದ ದುಡ್ಡಿನಲ್ಲಿ ವಿಡಿಯೊ ಕ್ಯಾಮೆರಾ ತಂದರು. ಇಪ್ಪತ್ತು ವರ್ಷದ ನಂತರ, ಪೂರ್ತಿ ಇನುಕ್ಟಿಟುಟ್‌ನಲ್ಲಿ ಬರೆದು, ಆ ಜನರೇ ನಟಿಸಿ, ನಿರ್ದೇಶಿಸಿದ ಮೊದಲ ಕಥಾಚಿತ್ರ ಬಂತು. ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ಡಿ’ಓರ್ ಪ್ರಶಸ್ತಿ ಪಡೆಯಿತು.

ಕಥೆ ಅವರ ಅಜ್ಜಿಯರು ಹೇಳುತ್ತಾ ಬಂದದ್ದು. ಹೆಣ್ಣಿಗಾಗಿ ಹಗೆ, ಅಣ್ಣನ ಕೊಲೆ, ತಮ್ಮ ಅಟನಾರ್ಜುಅತ್ ತಪ್ಪಿಸಿಕೊಳ್ಳುವುದು. ಚಿತ್ರಕಥೆ ಬರೆದ ಪಾಲ್ ಅಪಾಕ್ ಅಂಗಿಲಿರ್ಕ್ ಊರಿನ ಹಿರಿಯರಿಂದ ಕಥೆಯ ಬೇರೆ ಬೇರೆ ಪಾಠ ಕೇಳಿ ಹೆಣೆದರು. ಸಿನಿಮಾ ಮುಗಿಯುವುದನ್ನು ನೋಡದೆ 1998ರಲ್ಲಿ ತೀರಿಕೊಂಡರು. ಹಳೆಯ ಕಥೆಯಲ್ಲಿ ನಾಯಕ ಸೇಡು ತೀರಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಎತ್ತಿದ ಕೈ ಇಳಿಸಿ, ಕೊಲೆ ಇಲ್ಲಿಗೆ ಮುಗಿಯಲಿ ಎನ್ನುತ್ತಾನೆ.

ಎಲ್ಲರೂ ಮಾತಾಡುವುದು ಆ ಓಟದ ದೃಶ್ಯ. ಮಲಗಿದ್ದ ಡೇರೆಯ ಮೇಲೆ ಕೊಲೆಗಾರರು ಬಿದ್ದಾಗ ಅಟನಾರ್ಜುಅತ್ ಬರಿಮೈಯಲ್ಲಿ, ಬರಿಗಾಲಲ್ಲಿ ಸಮುದ್ರದ ಹಿಮಗಡ್ಡೆಯ ಮೇಲೆ ಓಡುತ್ತಾನೆ. ಸಮಯ ವಸಂತ. ಹಿಮದ ಮೇಲೆ ಅಲ್ಲಲ್ಲಿ ನೀರು ನಿಂತಿದೆ, ಬಿಸಿಲು ಅದರಲ್ಲಿ ಹೊಳೆಯುತ್ತದೆ. ಅವನ ಕಾಲು ನೀರಿಗೆ ಬೀಳುವ ಚಪ್ಪಳ ಚಪ್ಪಳ ಸದ್ದು ಮಾತ್ರ ಕೇಳುತ್ತದೆ. ಹೊರಗಿನವರ ಸಿನಿಮಾಗಳಲ್ಲಿ ಉತ್ತರ ಎಂದರೆ ಯಾವಾಗಲೂ ಬಿರುಗಾಳಿ, ಯಾವಾಗಲೂ ಬೂದು ಬಣ್ಣ. ಇಲ್ಲಿ ಆಕಾಶ ನೀಲಿ, ಜನ ನಗುತ್ತಾರೆ, ಹೆಂಗಸರು ದೀಪದ ಬತ್ತಿ ಸರಿಮಾಡುತ್ತಾ ಚೇಷ್ಟೆ ಮಾಡುತ್ತಾರೆ. ಅದು ಅವರ ಊರು. ಅಲ್ಲಿ ದಿನವೂ ಬದುಕುವವರಿಗೆ ಮಾತ್ರ ಅದು ಹಾಗೆ ಕಾಣಲು ಸಾಧ್ಯ.

ನಂಬಿಕೆಯ ವಿಷಯಕ್ಕೆ ಬಂದರೆ ಪ್ರಾಣಿಗಳ ಮಾತು ಎತ್ತಲೇಬೇಕು. ಲೆಮ್ಮಿಂಗ್ ಎಂಬ ಇಲಿಗಳು ಗುಂಪುಗುಂಪಾಗಿ ಸಮುದ್ರಕ್ಕೆ ಹಾರಿ ಪ್ರಾಣ ಬಿಡುತ್ತವೆ ಎಂದು ನಿಮ್ಮ ಕಿವಿಗೂ ಬಿದ್ದಿರಬಹುದು. ಈ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು 1958ರ ಡಿಸ್ನಿ ಸಾಕ್ಷ್ಯಚಿತ್ರ ‘ವೈಟ್ ವಿಲ್ಡರ್ನೆಸ್’. ಚಿತ್ರೀಕರಣ ನಡೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, ಸಮುದ್ರವೇ ಇಲ್ಲದ ಜಾಗದಲ್ಲಿ. ಇಲಿಗಳನ್ನು ಮಾನಿಟೋಬಾದಿಂದ ಕೊಂಡು ತಂದಿದ್ದರು. ತಿರುಗುವ ಹಲಗೆಯ ಮೇಲೆ ಓಡಿಸಿ ಹಿಂಡಿನಂತೆ ತೋರಿಸಿ, ಕೊನೆಗೆ ದರೆಯಿಂದ ನದಿಗೆ ದೂಡಿದರು. ಆ ಚಿತ್ರಕ್ಕೆ ಆಸ್ಕರ್ ಬಂತು. ಕೆನಡಾದ ಟಿವಿ ಕಾರ್ಯಕ್ರಮವೊಂದು 1982ರಲ್ಲಿ ಇದನ್ನು ಬಯಲಿಗೆಳೆಯಿತು. ಲೆಮ್ಮಿಂಗ್‌ಗಳ ಸಂಖ್ಯೆ ಮೂರು ನಾಲ್ಕು ವರ್ಷಕ್ಕೊಮ್ಮೆ ಉಕ್ಕುವುದು ನಿಜ. ಆಗ ಮೇವು ಹುಡುಕಿ ಚದುರುತ್ತವೆ, ಹೊಳೆ ಈಜುವಾಗ ಕೆಲವು ಮುಳುಗುತ್ತವೆ. ಆತ್ಮಹತ್ಯೆ ಮನುಷ್ಯರು ಕಟ್ಟಿದ ಕಥೆ. ತೋಳಗಳದ್ದೂ ಹೀಗೇ. ‘ದಿ ಗ್ರೇ’ಯಂಥ ಚಿತ್ರದಲ್ಲಿ ಅವು ಒಬ್ಬೊಬ್ಬರನ್ನೇ ಬೆನ್ನಟ್ಟಿ ಕೊಲ್ಲುತ್ತವೆ. ಉತ್ತರ ಅಮೆರಿಕದಲ್ಲಿ ಕಾಡುತೋಳ ಮನುಷ್ಯನನ್ನು ಕೊಂದ ದಾಖಲೆಗಳು ಬೆರಳೆಣಿಕೆಯಷ್ಟು.

ಅಲಾಸ್ಕಾ ಎಂದೊಡನೆ ನಿಮಗೆ ಯಾರಾದರೂ ‘ಇನ್‌ಟು ದಿ ವೈಲ್ಡ್’ ಹೇಳಿಯೇ ಹೇಳುತ್ತಾರೆ. ಶಾನ್ ಪೆನ್ ನಿರ್ದೇಶನ, 2007. ಮನೆ, ದುಡ್ಡು ಎಲ್ಲ ಬಿಟ್ಟು 1992ರ ಏಪ್ರಿಲ್ ಕೊನೆಗೆ ಕಾಡು ಹೊಕ್ಕು, ಪಾಳುಬಿದ್ದ ಬಸ್ಸೊಂದರಲ್ಲಿ ಉಳಿದು, ಆಗಸ್ಟಿನಲ್ಲಿ ಹಸಿದು ಸತ್ತ ಕ್ರಿಸ್ ಮೆಕ್‌ಕ್ಯಾಂಡ್‌ಲೆಸ್ ಎಂಬ ಯುವಕನ ನಿಜಕಥೆ. ಚೆಂದದ ಚಿತ್ರ, ಹಾಡುಗಳೂ ಚೆಂದ. ನನಗೆ ತಕರಾರಿರುವುದು ಆ ಚೆಂದದ ಬಗ್ಗೆಯೇ. ಅವನು ಒಳಹೋದಾಗ ಟೆಕ್ಲಾನಿಕಾ ನದಿ ಸುಲಭವಾಗಿ ದಾಟುವಂತಿತ್ತು. ಜುಲೈಯಲ್ಲಿ ವಾಪಸ್ ಹೊರಟಾಗ ಹಿಮನದಿ ಕರಗಿದ ನೀರು ಉಕ್ಕಿ ಹರಿಯುತ್ತಿತ್ತು. ನಮ್ಮಲ್ಲಿ ಮಳೆ ನಿಂತರೆ ಹೊಳೆ ಇಳಿಯುತ್ತದೆ, ಅಲ್ಲಿ ಬಿಸಿಲು ಬಂದರೆ ಹೊಳೆ ಏರುತ್ತದೆ. ಸ್ವಲ್ಪ ದೂರದಲ್ಲೇ ತಂತಿಗೆ ತೂಗುಹಾಕಿದ, ಕೈಯಲ್ಲಿ ಎಳೆದು ದಾಟುವ ಬುಟ್ಟಿಯಿತ್ತು. ಸರಿಯಾದ ನಕ್ಷೆ ಇದ್ದಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಸಿನಿಮಾ ಬಂದ ಮೇಲೆ ಆ ಬಸ್ಸಿನ ದಾರಿ ಹಿಡಿದವರಲ್ಲಿ 2010ರಲ್ಲಿ ಒಬ್ಬರು, 2019ರಲ್ಲಿ ಒಬ್ಬರು ಅದೇ ನದಿಯಲ್ಲಿ ಕೊಚ್ಚಿಹೋದರು. ಎಷ್ಟೋ ಜನರನ್ನು ಹುಡುಕಿ ಹೊತ್ತು ತರಬೇಕಾಯಿತು. ಕೊನೆಗೆ 2020ರ ಜೂನ್‌ನಲ್ಲಿ ಸೇನೆಯ ಹೆಲಿಕಾಪ್ಟರ್ ಆ ಬಸ್ಸನ್ನೇ ಎತ್ತಿ ಒಯ್ದಿತು. ಚಿತ್ರದಲ್ಲಿ ಕಾಣುವ ಬಸ್ಸು ಬೇರೆ, ಬೇರೆ ಕಡೆ ನಿಲ್ಲಿಸಿದ ನಕಲು. ನಿಮ್ಮ ಮಗಳ ವಯಸ್ಸಿಗೆ ಈ ಚಿತ್ರ ತುಂಬ ಹಿಡಿಸುತ್ತದೆ. ನೋಡಿದ ಮೇಲೆ ಈ ನದಿಯ ವಿಷಯ ಕೂತು ಮಾತಾಡಿ.

ಅದರ ಪಕ್ಕದಲ್ಲೇ ಬರುವ ಇನ್ನೊಂದು, ವರ್ನರ್ ಹೆರ್ಜಾಗ್ ಅವರ ‘ಗ್ರಿಜ್ಲಿ ಮ್ಯಾನ್’ (2005). ಹದಿಮೂರು ಬೇಸಿಗೆ ಅಲಾಸ್ಕಾದ ಕರಡಿಗಳ ನಡುವೆ ಕಳೆದು, ಕೊನೆಗೆ 2003ರಲ್ಲಿ ಕರಡಿಗೇ ಬಲಿಯಾದ ಟಿಮೊಥಿ ಟ್ರೆಡ್‌ವೆಲ್ ತಾನೇ ತೆಗೆದುಕೊಂಡ ವಿಡಿಯೊಗಳಿಂದ ಕಟ್ಟಿದ್ದು. ಸಾವಿನ ಹೊತ್ತಿನ ಧ್ವನಿಮುದ್ರಣ ಇತ್ತು. ಹೆರ್ಜಾಗ್ ಹೆಡ್‌ಫೋನಿನಲ್ಲಿ ಕೇಳುತ್ತಾರೆ, ನಮಗೆ ಕೇಳಿಸುವುದಿಲ್ಲ. ಟ್ರೆಡ್‌ವೆಲ್ ಅವರ ಗೆಳತಿಗೆ ಇದನ್ನು ಎಂದೂ ಕೇಳಬೇಡಿ ಎನ್ನುತ್ತಾರೆ. ಅಷ್ಟು ಮರ್ಯಾದೆ ಉಳಿಸಿಕೊಂಡ ಸಾಕ್ಷ್ಯಚಿತ್ರ ಕಡಿಮೆ. ಇದನ್ನು ನೀವು ಒಬ್ಬರೇ ನೋಡಿ, ಮಗಳಿಗೆ ಎರಡು ಮೂರು ವರ್ಷ ಕಳೆಯಲಿ.

ಹೆರ್ಜಾಗ್ ಅವರದೇ ಇನ್ನೊಂದನ್ನು ಮಾತ್ರ ಅವಳ ಜೊತೆಗೇ ನೋಡಿ: ‘ಹ್ಯಾಪಿ ಪೀಪಲ್’ (2010). ಸೈಬೀರಿಯಾದ ಯೆನಿಸೇಯ್ ನದಿ ದಡದ ಬಾಖ್ತಾ ಎಂಬ ಹಳ್ಳಿಯಲ್ಲಿ, ಬೋನು ಹಾಕಿ ಸೇಬಲ್ ಎಂಬ ತುಪ್ಪಳದ ಪ್ರಾಣಿ ಹಿಡಿಯುವವರ ಒಂದು ವರ್ಷ. ಚಿತ್ರೀಕರಿಸಿದವರು ರಷ್ಯಾದ ದ್ಮಿತ್ರಿ ವಸ್ಯುಕೋವ್. ಹೆರ್ಜಾಗ್ ಅಲ್ಲಿಗೆ ಹೋಗದೆಯೇ ಅವರ ಉದ್ದನೆಯ ಟಿವಿ ಸರಣಿಯನ್ನು ಒಂದೂವರೆ ಗಂಟೆಗೆ ಇಳಿಸಿ ತಮ್ಮ ದನಿ ಸೇರಿಸಿದರು. ನಾನು ಹೇಳಿದ ಕೈಗಳ ಮಾತಿಗೆ ಇದಕ್ಕಿಂತ ಉತ್ತಮ ಪಾಠ ಬೇರಿಲ್ಲ. ಮರ ಸೀಳಿ, ಕೊಡಲಿಯಲ್ಲೇ ಹೆರೆದು, ಬಗ್ಗಿಸಿ ಹಿಮದ ಜಾರುಹಲಗೆ ಮಾಡುವುದು. ಒಂದೇ ದಿಮ್ಮಿ ಕೊರೆದು, ಬೆಂಕಿಯ ಮೇಲೆ ಅಗಲಿಸಿ ದೋಣಿ ಮಾಡುವುದು. ಬರ್ಚ್ ತೊಗಟೆ ಸುಟ್ಟು ಇಳಿಸಿದ ಕಪ್ಪು ಎಣ್ಣೆಯನ್ನು ಸೊಳ್ಳೆ ಬಾರದಿರಲೆಂದು ತಮಗೂ ಮಕ್ಕಳಿಗೂ ನಾಯಿಗೂ ಸವರುವುದು. ಸೈಬೀರಿಯಾದ ಬೇಸಿಗೆ ಎಂದರೆ ಸೊಳ್ಳೆ ಎಂಬುದನ್ನು ಕಥಾಚಿತ್ರಗಳು ತೋರಿಸುವುದೇ ಇಲ್ಲ. ಹೊಸವರ್ಷಕ್ಕೆ ಮನೆಗೆ ಹೊರಟ ಬೇಟೆಗಾರನ ಹಿಮವಾಹನದ ಹಿಂದೆ ಅವನ ನಾಯಿ ಸುಮಾರು 150 ಕಿ.ಮೀ. ನಿಲ್ಲದೆ ಓಡುವುದನ್ನು ನೋಡಿ. ಒಂದು ಕೊರತೆಯೂ ಇದೆ. ಆ ನೆಲದ ಮೂಲ ಜನರಾದ ಕೆಟ್ ಬುಡಕಟ್ಟಿನವರು ಇದರಲ್ಲಿ ಅಂಚಿನಲ್ಲಿ, ಕೂಲಿಯಾಳುಗಳಾಗಿ, ಸ್ವಲ್ಪ ಹೊತ್ತು ಬಂದುಹೋಗುತ್ತಾರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ‘ದಿ ರೆವನೆಂಟ್’ (2015) ಬೆಳಕಿಗಾಗಿ ನೋಡಿ. ಛಾಯಾಗ್ರಾಹಕ ಇಮ್ಯಾನುಯೆಲ್ ಲುಬೆಜ್ಕಿ ದೀಪ ಬಳಸದೆ, ಸೂರ್ಯನ ಬೆಳಕು ಮತ್ತು ಬೆಂಕಿಯಲ್ಲೇ ಹೆಚ್ಚುಕಡಿಮೆ ಪೂರ್ತಿ ತೆಗೆದರು. ಕೆನಡಾದಲ್ಲಿ ಹಿಮ ಕರಗಿಹೋದದ್ದರಿಂದ ಕೊನೆಯ ಭಾಗಕ್ಕೆ ಇಡೀ ತಂಡ ಭೂಮಿಯ ಇನ್ನೊಂದು ತುದಿಗೆ, ಅರ್ಜೆಂಟೀನಾದ ದಕ್ಷಿಣಕ್ಕೆ ಹೋಗಬೇಕಾಯಿತು. ಆದರೆ ಹ್ಯೂ ಗ್ಲಾಸ್ ಎಂಬ ನಿಜ ಬೇಟೆಗಾರನ ಮೇಲೆ ಕರಡಿ ಬಿದ್ದದ್ದು 1823ರ ಬೇಸಿಗೆಯಲ್ಲಿ, ಈಗಿನ ದಕ್ಷಿಣ ಡಕೋಟಾದ ಬಯಲಿನಲ್ಲಿ. ಚಾಪ್ಲಿನ್ನರ ‘ದಿ ಗೋಲ್ಡ್ ರಷ್’ (1925) ಮಗಳಿಗೆ ಖಂಡಿತ ತೋರಿಸಿ. ಕಡಿದಾದ ಕಣಿವೆ ಹತ್ತುವ ನೂರಾರು ಜನರ ಸಾಲು ಕ್ಯಾಲಿಫೋರ್ನಿಯಾದ ನಿಜ ಹಿಮದಲ್ಲಿ ತೆಗೆದದ್ದು, ಬಹುಪಾಲು ಉಳಿದದ್ದು ಸ್ಟುಡಿಯೊದಲ್ಲಿ. ಹಸಿವಿಗೆ ಬೇಯಿಸಿ ತಿನ್ನುವ ಬೂಟು ಜ್ಯೇಷ್ಠಮಧುವಿನ ಮಿಠಾಯಿ. ಹಿಮ ನಕಲಿ, ಹಸಿವು ಅಸಲಿ. ಚಾಪ್ಲಿನ್ ಲಂಡನ್ನಿನ ಬಡತನದಲ್ಲಿ ಅದನ್ನು ಉಂಡವರು. ‘ಡಾಕ್ಟರ್ ಜಿವಾಗೊ’ದ ಹಿಮದ ಅರಮನೆ ಸ್ಪೇನಿನಲ್ಲಿ, ಮೇಣದಿಂದ ಆದದ್ದು. ಸಂಗೀತಕ್ಕಾಗಿ, ಪ್ರೇಮಕ್ಕಾಗಿ ನೋಡಿ, ಸೈಬೀರಿಯಾಕ್ಕಾಗಿ ಬೇಡ. ಸೈಬೀರಿಯಾವೇ ಬೇಕಿದ್ದರೆ 1960ರ ಕಪ್ಪುಬಿಳುಪು ರಷ್ಯನ್ ಚಿತ್ರ ‘ಕಳಿಸದ ಪತ್ರ’ ಹುಡುಕಿ. ವಜ್ರ ಹುಡುಕಲು ಹೋದ ನಾಲ್ವರು ಕಾಳ್ಗಿಚ್ಚಿಗೆ ಸಿಗುತ್ತಾರೆ. ಸೆರ್ಗೇಯ್ ಉರುಸೆವ್ಸ್ಕಿಯವರ ಕ್ಯಾಮೆರಾ ಆ ಹೊಗೆಯೊಳಗೆ ಅವರ ಜೊತೆಗೇ ಓಡುತ್ತದೆ. ಉತ್ತರದ ಕಾಡಿನಲ್ಲಿ ಚಳಿಯಷ್ಟೇ ಬೆಂಕಿಯೂ ಕೊಲ್ಲುತ್ತದೆ ಎಂಬುದು ಅದನ್ನು ನೋಡಿದ ಮೇಲೆ ಮರೆಯುವುದಿಲ್ಲ.

ಹಾಗಾದರೆ ಶುರು ಯಾವುದರಿಂದ? ‘ದೆರ್ಸು ಉಜಾಲಾ’ದಿಂದ, ಒಂದು ಭಾನುವಾರ ಮಧ್ಯಾಹ್ನ, ಕಿಟಕಿ ಮುಚ್ಚಿ, ಮನೆಯಲ್ಲಿರುವ ಅತಿ ದೊಡ್ಡ ಪರದೆಯಲ್ಲಿ. ಮೊಬೈಲಿನಲ್ಲಿ ಬೇಡ. ಆ ಸಿನಿಮಾದಲ್ಲಿ ಮನುಷ್ಯರು ಪರದೆಯ ಮೂಲೆಯಲ್ಲಿ ಇರುವೆಯಷ್ಟು ಕಾಣುತ್ತಾರೆ, ಚಿಕ್ಕ ಪರದೆಯಲ್ಲಿ ಅವರು ಕಳೆದೇಹೋಗುತ್ತಾರೆ. ಮುಂದಿನ ವಾರ ‘ಹ್ಯಾಪಿ ಪೀಪಲ್’. ಆಮೇಲೆ ‘ನನೂಕ್’ ಮತ್ತು ‘ಅಟನಾರ್ಜುಅತ್’ ಒಂದರ ಹಿಂದೆ ಒಂದು, ಬೇರೆ ಬೇರೆ ದಿನ. ‘ಅಟನಾರ್ಜುಅತ್’ ಮೂರು ಗಂಟೆಗೆ ಸ್ವಲ್ಪ ಕಡಿಮೆ, ಮೊದಲ ಅರ್ಧಗಂಟೆ ಯಾರು ಯಾರ ಮಗ ಎಂಬುದು ಗೋಜಲಾಗುತ್ತದೆ. ಒಂದು ಹಾಳೆಯಲ್ಲಿ ಹೆಸರು ಬರೆದಿಟ್ಟುಕೊಳ್ಳಿ. ಕೊಲೆ, ಹೆಣ್ಣಿನ ಮೇಲಿನ ದೌರ್ಜನ್ಯದ ದೃಶ್ಯಗಳಿವೆ, ಆದ್ದರಿಂದ ನೀವು ಮೊದಲು ಒಮ್ಮೆ ನೋಡಿ, ಮಗಳಿಗೆ ಈಗಲೇ ತೋರಿಸುವುದೋ ಕಾಯುವುದೋ ನಿರ್ಧರಿಸಿ. ಯಾವಾಗ ತೋರಿಸಿದರೂ ಕೊನೆಯ ಹೆಸರುಗಳು ಓಡುವಾಗ ಟಿವಿ ಆರಿಸಬೇಡಿ. ಚರ್ಮದ ಅಂಗಿ ತೊಟ್ಟು ಸಾವಿರ ವರ್ಷ ಹಿಂದಿನವರಾಗಿದ್ದ ಅದೇ ಜನ, ಅಲ್ಲಿ ಇವತ್ತಿನ ಜಾಕೆಟ್ಟು ಹಾಕಿಕೊಂಡು, ಜಾರುಬಂಡಿಗೆ ಕ್ಯಾಮೆರಾ ಕಟ್ಟಿ ಎಳೆಯುತ್ತಾ ನಗುತ್ತಿರುತ್ತಾರೆ.